ತೊಂಬತ್ತೊಂಬತ್ತೂವರೆ ಪರ್ಸೆಂಟಿನ ಜಂಬ

ಅಮೆರಿಕಕ್ಕೆ ಆನ್‌ಸೈಟ್ ಹೋದ ನಮ್ಮ ಹುಡುಗರು ಲಾಂಗ್ ವೀಕೆಂಡ್ ಸಿಕ್ಕಿದ್ರೆ ಲಾಸ್ ವೇಗಸ್‌ಗೆ ಹೋಗೋದು ಈಗ ತಿರುಪತಿಗೆ ಹೋಗಿಬಂದಷ್ಟೇ ಸಹಜ. ಹೋಗಲಿ ಬಿಡಿ. ನನ್ನ ತಕರಾರು ಏನಿದ್ರೂ ವಾಪಸ್ ಬಂದಮೇಲೆ ಅವರು ಬಿಡುವ ಡೈಲಾಗಿನ ಮೇಲೆ: ‘ಸ್ಲಾಟ್ ಮೆಷಿನ್ನು ದಡ್ಡರಿಗೆ ಗುರೂ. ನಾವು ಆಡೋದು ವಿಡಿಯೋ ಪೋಕರ್. ಅದು ಜೂಜಲ್ಲ, ಲೆಕ್ಕ. ಸ್ಟ್ರಾಟಜಿ ಗೊತ್ತಿದ್ರೆ 99.54 ಪರ್ಸೆಂಟ್ ವಾಪಸ್ ಬರುತ್ತೆ.’

ದೀಪಾವಳಿಗೆ ಅರಳಿಕಟ್ಟೆಯಲ್ಲಿ ಅಂದರ್ ಬಾಹರ್ ಆಡುವ ನಮ್ಮೂರಿನವರು ಅದನ್ನ ಯಾವತ್ತೂ ಲೆಕ್ಕ ಅಂದವರಲ್ಲ. ಜೂಜು ಅಂತಾನೇ ಕರೀತಾರೆ, ಪೊಲೀಸ್ ಜೀಪು ಕಂಡ್ರೆ ಓಡ್ತಾರೆ. ಬಿ.ಇ. ಓದಿದವರಿಗೆ ಮಾತ್ರ ಅದಕ್ಕೊಂದು ಮರ್ಯಾದಸ್ಥ ಹೆಸರು ಬೇಕು.

99.54 ಸುಳ್ಳಲ್ಲ. ‘ಜಾಕ್ಸ್ ಆರ್ ಬೆಟರ್’ ಅನ್ನುವ ಆಟದಲ್ಲಿ ಮೆಷಿನ್ನು ಐದು ಎಲೆ ಕೊಡುತ್ತೆ. ಬೇಕಾದ್ದು ಇಟ್ಕೊಂಡು ಬೇಡದ್ದು ಬಿಸಾಕಿದ್ರೆ ಅಷ್ಟೇ ಹೊಸ ಎಲೆ ಬರುತ್ತೆ. ಗುಲಾಮನ ಜೋಡಿಯೋ ಅದಕ್ಕಿಂತ ಮೇಲೋ ಆದ್ರೆ ದುಡ್ಡು. ನೆವಾಡಾದ ಕಾನೂನಿನ ಪ್ರಕಾರ ಪ್ರತಿ ಎಲೆ ಬೀಳುವ ಸಾಧ್ಯತೆ ನಿಜವಾದ ಇಸ್ಪೀಟು ಕಟ್ಟಿನಲ್ಲಿ ಇರುವಷ್ಟೇ ಇರಬೇಕು. ಹಾಗಾಗಿ ಐದು ಎಲೆಗಿರುವ 32 ದಾರಿಯಲ್ಲಿ ಯಾವುದು ಒಳ್ಳೇದು ಅಂತ ಕರಾರುವಾಕ್ಕಾಗಿ ಲೆಕ್ಕ ಹಾಕಬಹುದು. ಐದು, ಆರು, ಏಳು, ಎಂಟರ ಜೊತೆ ಇನ್ನೊಂದು ಐದು ಬಂದ್ರೆ ಸ್ಟ್ರೈಟಿನ ಆಸೆ ಬಿಟ್ಟು ಐದರ ಜೋಡಿ ಇಟ್ಕೋಬೇಕು. ಆರರ ಜೋಡಿ ಇದ್ದಾಗ ‘ಇರಲಿ’ ಅಂತ ಪಕ್ಕದಲ್ಲಿ ಎಕ್ಕ ಹಿಡ್ಕೊಂಡು ಕೂರಬಾರದು. ರಾಯಲ್ ಫ್ಲಶ್ಶಿಗೆ ನಾಲ್ಕು ಎಲೆ ಕೂಡಿದ್ರೆ, ಕೈಯಲ್ಲಿರುವ ಫ್ಲಶ್ಶನ್ನೇ ಮುರಿಯಬೇಕು. ಎಲ್ಲಾ ಸರಿ, ನಾನೂ ಪ್ರೋಗ್ರಾಂ ಬರೆದು ನೋಡಿದೀನಿ.

ಆದ್ರೆ ಆ 99.54 ಬರೋದು ಫುಲ್ ಹೌಸಿಗೆ 9, ಫ್ಲಶ್ಶಿಗೆ 6 ಕೊಡುವ ಮೆಷಿನ್ನಿನಲ್ಲಿ ಮಾತ್ರ. ಇವೆರಡೂ ಹೆಚ್ಚುಕಮ್ಮಿ ತೊಂಬತ್ತು ಕೈಗೆ ಒಂದೊಂದು ಸಲ ಬೀಳುತ್ವೆ. ಹಾಗಾಗಿ ಎಲ್ಲಿ ಒಂದು ಕಾಸು ಕಡಿಮೆ ಮಾಡಿದ್ರೂ ಆಟಗಾರನ ಜೇಬಿಂದ ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿನೇ ಹೋಗುತ್ತೆ. 8/5 ಆದ್ರೆ 97.3. 6/5 ಆದ್ರೆ 95. ಎಲೆಗಳ ಜೊತೆ ಆಟ ಆಡೋ ಅಗತ್ಯವೇ ಕ್ಯಾಸಿನೋದವನಿಗಿಲ್ಲ. ಪರದೆಯ ಮೇಲಿನ ಎರಡು ಅಂಕಿ ಬದಲಾಯಿಸಿದ್ರೆ ಸಾಕು, ಅದೂ ರಾಜಾರೋಷವಾಗಿ, ನಿಮ್ಮ ಕಣ್ಣೆದುರೇ. ಸ್ಟ್ರಿಪ್ಪಿನ ದೊಡ್ಡ ಹೊಟೇಲುಗಳ ಕ್ವಾರ್ಟರ್ ಮೆಷಿನ್ನುಗಳಲ್ಲಿ 9/6 ಸಿಗೋದು ಅಪರೂಪ.

ಈಗ ನಿಜವಾದ ಲೆಕ್ಕ ಮಾಡೋಣ. ಕ್ವಾರ್ಟರ್ ಮೆಷಿನ್ನು, ಐದು ನಾಣ್ಯ, ಕೈಗೆ 1.25 ಡಾಲರ್. (ಐದಕ್ಕಿಂತ ಕಡಿಮೆ ಹಾಕಿದ್ರೆ ರಾಯಲ್ಲಿಗೆ ನಾಣ್ಯಕ್ಕೆ 800ರ ಬದಲು 250 ಮಾತ್ರ, ಅಲ್ಲೇ ಪರ್ಸೆಂಟಿಗಿಂತ ಹೆಚ್ಚು ಖೋತಾ. ಉಳಿತಾಯ ಮಾಡುವವನಿಗೂ ದಂಡ!) ನಿಮಿಷಕ್ಕೆ ಹತ್ತು ಕೈ ಅಂದ್ರೆ ಗಂಟೆಗೆ 750 ಡಾಲರ್ ಪಣ. 9/6ರಲ್ಲಿ ಒಂದೂ ತಪ್ಪು ಮಾಡದೆ ಆಡಿದ್ರೆ ಸರಾಸರಿ ನಷ್ಟ ಗಂಟೆಗೆ ಮೂರೂವರೆ ಡಾಲರ್. 6/5ರಲ್ಲಿ ಮೂವತ್ತೇಳೂವರೆ. ‘ಬಿಯರ್ ಫ್ರೀ ಅಲ್ವಾ’ ಅಂತೀರಲ್ಲ, ಎಷ್ಟು ಬಿಯರ್ ಕುಡೀತೀರಿ ಸ್ವಾಮಿ ಗಂಟೆಗೆ?

ಇನ್ನೊಂದು ವಿಷಯ ಈ ಲೆಕ್ಕದ ಪಂಡಿತರು ಹೇಳೋದೇ ಇಲ್ಲ. 99.54ರಲ್ಲಿ ಸುಮಾರು ಎರಡು ಪರ್ಸೆಂಟ್ ಬರೋದು ರಾಯಲ್ ಫ್ಲಶ್ಶಿಂದ. ಅದು ಬೀಳೋದು ಅಂದಾಜು ನಲವತ್ತು ಸಾವಿರ ಕೈಗೆ ಒಂದು. ಇದೇ ವೇಗದಲ್ಲಿ ಅರವತ್ತೇಳು ಗಂಟೆ ಆಡಿದ್ರೆ ಸರಾಸರಿ ಒಂದು. ಶುಕ್ರವಾರ ರಾತ್ರಿ ಹೋಗಿ ಭಾನುವಾರ ಫ್ಲೈಟ್ ಹತ್ತುವವನು ಆಡೋದು ಹತ್ತು ಗಂಟೆ. ಅಂದ್ರೆ ಬಹುಪಾಲು ಜನರಿಗೆ ಒಳ್ಳೇ ಮೆಷಿನ್ನೂ 97.5ರದ್ದೇ. ಉಳಿದ ಎರಡು ಪರ್ಸೆಂಟ್ ಪಕ್ಕದ ಸೀಟಿನ ಅಜ್ಜಿಗೆ ಹೋಗುತ್ತೆ.

ಮಜಾಕ್ಕೆ ನೂರು ಡಾಲರ್ ಎತ್ತಿಟ್ಟು ಆಡುವವರ ಬಗ್ಗೆ ನನಗೇನೂ ಇಲ್ಲ, ಅದು ಸಿನಿಮಾ ಟಿಕೆಟ್ಟಿದ್ದ ಹಾಗೆ. ನನಗೆ ಸಿಟ್ಟು ಬರೋದು ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದ ಹುಡುಗನಿಗೆ, ಊರಲ್ಲಿ ಅಪ್ಪನ ಸೊಸೈಟಿ ಸಾಲ ಇನ್ನೂ ತೀರದವನಿಗೆ, ಸೀನಿಯರ್ ಒಬ್ಬ ಸ್ಟ್ರಾಟಜಿ ಚಾರ್ಟ್ ಕಳಿಸಿ ‘ಇದನ್ನ ಬಾಯಿಪಾಠ ಮಾಡು, ಲಾಸೇ ಇಲ್ಲ’ ಅಂದಾಗ. ಅವನು ಉಪ್ಪಿಟ್ಟು ತಿಂದು ಉಳಿಸಿದ ಅಲೋಯನ್ಸ್ ಅದು.

ನಮ್ಮ ಟೀಮಿನಲ್ಲಿ ವೇಗಸ್ ನೋಡಿಬಂದ ನಾಲ್ಕು ಜನ ಇದಾರೆ. ಚಾರ್ಟ್ ನಾಲ್ವರ ಫೋನಲ್ಲೂ ಇದೆ. ನೀವು ಆಡಿದ ಮೆಷಿನ್ನು ಫುಲ್ ಹೌಸಿಗೆ ಎಷ್ಟು ಕೊಡ್ತಿತ್ತು ಅಂತ ಕೇಳಿದೆ. ಮೂವರು ನೋಡಿರಲೇ ಇಲ್ಲ. ನಾಲ್ಕನೆಯವನು ಮಾತ್ರ ಹೆಮ್ಮೆಯಿಂದ, ‘ಆರು’ ಅಂದ.