ಸಹಿ ಹಾಕಿದರೆ ಒಪ್ಪಿದಂತೆಯೇ?

ಎಚ್‌ಎಎಲ್, ಐಟಿಐ ಸಂಬಳದಲ್ಲಿ ಇಂದಿರಾನಗರದಲ್ಲೋ ಕೆ.ಆರ್. ಪುರದಲ್ಲೋ ಮನೆ ಕಟ್ಟಿಕೊಂಡ ತಲೆಮಾರಿಗೆ ಈಗ ಎಂಬತ್ತು ದಾಟಿದೆ. ಆ ಮನೆಗಳ ಬೆಲೆ ಕೋಟಿಗಳಲ್ಲಿ. ಅವರಲ್ಲಿ ಕೆಲವರಿಗೆ ಬೆಳಿಗ್ಗೆ ತಿಂದ ತಿಂಡಿ ನೆನಪಿರುವುದಿಲ್ಲ. ಸಹಿ ಮಾತ್ರ ಥೇಟ್ ಹಾಗೇ ಬರುತ್ತದೆ. ಹಾಜರಿ ಪುಸ್ತಕದಲ್ಲಿ ಪಳಗಿದ ಕೈ ಅದು. ಆ ಕೈ ಹಿಡಿದು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುವವರ ಬಗ್ಗೆ ನನ್ನ ತಕರಾರು.

"ಅಪ್ಪಾ, ಇಲ್ಲೊಂದು ಸೈನ್ ಹಾಕಿ." ಅಪ್ಪ ನಗುತ್ತಾರೆ, ಹಾಕುತ್ತಾರೆ. ಕ್ಯಾಮೆರಾಕ್ಕೆ ಮುಖ, ಯಂತ್ರಕ್ಕೆ ಹೆಬ್ಬೆಟ್ಟು. ಮಕ್ಕಳಿಗೆ ಬರೆಯುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕವೂ ಹಗುರ. ಹೋಟೆಲಲ್ಲಿ ಕಾಫಿ ಕುಡಿದು ವಾಪಸ್.

ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲ. ಬರೆದುಕೊಡುವ ಹೊತ್ತಿನಲ್ಲಿ ಅದನ್ನು ಅರ್ಥಮಾಡಿಕೊಂಡು ತನಗೇನಾಗುತ್ತದೆ ಎಂದು ತೂಗುವ ಶಕ್ತಿ ಇರಬೇಕು ಎನ್ನುತ್ತದೆ 1872ರ ಕರಾರು ಕಾಯ್ದೆ. ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಅಧಿಕಾರಿಗೆ ಕಂಡರೆ ನೋಂದಣಿ ನಿರಾಕರಿಸಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಕಾಣುವುದು ಹೇಗೆ? ಇಸ್ತ್ರಿ ಶರ್ಟು ತೊಟ್ಟು ನಮಸ್ಕಾರ ಹೇಳುವವರಲ್ಲಿ ಡಿಮೆನ್ಷಿಯಾ ಎರಡು ನಿಮಿಷಕ್ಕೆ ಕಾಣುವುದಿಲ್ಲ.

2007ರ ಹಿರಿಯ ನಾಗರಿಕರ ಕಾಯ್ದೆ ಇದೆಯಲ್ಲ? ಇದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, 23ನೇ ಕಲಮಿನಡಿ ಹಿಂಪಡೆಯಬಹುದು. ಹಿರಿಯರಿಗೆ ಆಗದಿದ್ದರೆ ಸ್ವಯಂಸೇವಾ ಸಂಸ್ಥೆಯೊಂದು ಅವರ ಪರವಾಗಿ ಹೋಗಬಹುದು. ಆದರೆ ಸಂಸ್ಥೆಗೆ ಸುದ್ದಿ ಮುಟ್ಟಿಸುವವರು ಯಾರು? ಮನೆಯೊಳಗಿನವರೇ ಫಲಾನುಭವಿಗಳು. ಪಕ್ಕದ ಮನೆಯವರು 14567ಕ್ಕೆ, ಅಂದರೆ ಹಿರಿಯರ ಸಹಾಯವಾಣಿಗೆ, ಕರೆ ಮಾಡಬಹುದು. "ಅವರ ಮನೆ ವಿಷಯ ನಮಗ್ಯಾಕೆ" ಎಂದು ಬಾಗಿಲು ಹಾಕಿಕೊಳ್ಳುವುದೇ ಹೆಚ್ಚು.

ಮಕ್ಕಳೆಲ್ಲ ಕಳ್ಳರೆಂದು ನಾನು ಹೇಳುತ್ತಿಲ್ಲ. ರಾತ್ರಿ ನಾಲ್ಕು ಸಲ ಎದ್ದು ಅಮ್ಮನ ಒದ್ದೆ ಹಾಸಿಗೆ ಬದಲಿಸುವ ಮಗಳಿಗೂ ಅಮ್ಮನ ಖಾತೆಯಿಂದ ಔಷಧಿಗೆ ಹಣ ತೆಗೆಯಲು ನೇರ ದಾರಿಯಿಲ್ಲ. ಮುಂಚೆಯೇ ಬರೆಸಿಟ್ಟ ಜಿಪಿಎ, ಅಮ್ಮನ ಬುದ್ಧಿ ಕೈಕೊಟ್ಟಾಗ ಕಾನೂನಿನ ಪ್ರಕಾರ ಮುಗಿದುಹೋಗುತ್ತದೆ. ಪಾಲಕರನ್ನು ನೇಮಿಸುವ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪಟ್ಟಿಯಲ್ಲಿ ಡಿಮೆನ್ಷಿಯಾ ಇಲ್ಲ. ಕೋರ್ಟಿಗೆ ಅಲೆಯಬೇಕು. ಅಲೆಯಲಾರದವಳು ಕೊನೆಗೆ ಕಳ್ಳ ಮಾಡುವುದನ್ನೇ ಮಾಡುತ್ತಾಳೆ: ಚೆಕ್ಕು ಮುಂದಿಟ್ಟು ಸಹಿ ಹಾಕಿಸುತ್ತಾಳೆ. ಇಬ್ಬರನ್ನೂ ಬೇರೆಮಾಡಿ ನೋಡುವ ಕಣ್ಣು ನಮ್ಮ ವ್ಯವಸ್ಥೆಗಿಲ್ಲ.

ವಯಸ್ಸು ನೋಡಿ ಎಲ್ಲರನ್ನೂ ಪರೀಕ್ಷಿಸಿ ಎಂದರೆ ಅದು ಅವಮಾನ. ತೊಂಬತ್ತರಲ್ಲೂ ಬಡ್ಡಿ ಲೆಕ್ಕ ತಪ್ಪದ ಅಜ್ಜಿಯರಿದ್ದಾರೆ. ನಾನು ಕೇಳುವುದು ಐದು ನಿಮಿಷ. ಆಸ್ತಿ ಪಡೆಯುವವರನ್ನು ಹೊರಗೆ ನಿಲ್ಲಿಸಿ, ಹಿರಿಯರೊಬ್ಬರನ್ನೇ ಕೂರಿಸಿ ಕೇಳಿ: ಇದೇನು ಕಾಗದ? ಮನೆ ಯಾರಿಗೆ ಹೋಗುತ್ತಿದೆ? ಆಮೇಲೆ ನೀವೆಲ್ಲಿರುತ್ತೀರಿ? ಉತ್ತರ ಬಾರದಿದ್ದರೆ, ವೈದ್ಯರ ಪತ್ರ ಬರುವವರೆಗೆ ಆ ಕಾಗದ ಮೇಜಿನ ಮೇಲೇ ಇರಲಿ.