ಹೊಳೆ ಬರುವ ಮುನ್ನ ಮನೆಯ ಸಿದ್ಧತೆ

ಕೃಷ್ಣೆಯ ದಡದ ಭಕ್ತರ ಮನೆಗಳಿಗೆ ಹೋದಾಗಲೆಲ್ಲ ನಾವು ಒಂದು ಮಾತನ್ನು ಕೇಳುತ್ತೇವೆ: "ನಮ್ಮಲ್ಲಿ ಮಳೆಯೇ ಇಲ್ಲ, ಹೊಳೆ ಎಲ್ಲಿಂದ ಬಂದೀತು?" ದೇವದುರ್ಗದ ಬಿಸಿಲನ್ನು ಕಂಡವರಿಗೆ ಈ ಮಾತು ಸಹಜವೆನಿಸುತ್ತದೆ. ಆದರೆ ಈ ಭರವಸೆಯೇ ನಮ್ಮ ಮನೆಗಳಿಗಿರುವ ಮೊದಲ ಅಪಾಯವೆಂದು ನಾವು ಭಾವಿಸುತ್ತೇವೆ.

ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಸಹ್ಯಾದ್ರಿಯಲ್ಲಿ ಸುರಿದ ಮಳೆ ಆಲಮಟ್ಟಿಯನ್ನು ತುಂಬಿ, ನಾರಾಯಣಪುರದ ಬಸವಸಾಗರಕ್ಕೆ ಬಂದು, ಅಲ್ಲಿಂದ ನಮ್ಮ ದಡಕ್ಕೆ ಇಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಹೂವಿನಹೆಡಗಿಯ ಸೇತುವೆ ಮುಳುಗಿ ಶಹಾಪುರದ ಕಡೆಯ ದಾರಿ ಕಡಿದದ್ದು ಹೀಗೆಯೇ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳ ಸಂಗತಿ ಬೇರೆ. ಅಂದು ಮಳೆ ಸುರಿದದ್ದು ನಮ್ಮ ನೆಲದ ಮೇಲೆಯೇ. ತುಂಗಭದ್ರೆಯ ದಡದ ಮಂತ್ರಾಲಯ ಜಲಾವೃತವಾಯಿತು. ನೆನೆದ ಮಣ್ಣಿನ ಗೋಡೆಗಳೂ ಮಾಳಿಗೆಗಳೂ ಒಳಗಿದ್ದವರ ಮೇಲೆ ಕುಸಿದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜೀವಗಳು ಹೋದವು. ಅಪಾಯ ಎರಡು ಬಗೆಯದಾದ್ದರಿಂದ ಸಿದ್ಧತೆಯೂ ಎರಡು ಬಗೆಯದಾಗಬೇಕು.

ಮಣ್ಣಿನ ಮಾಳಿಗೆಯ ಮನೆಯವರು ಮುಂಗಾರಿಗೆ ಮೊದಲೇ ಮೇಲ್ಮುದ್ದೆಯನ್ನು ಸರಿಪಡಿಸಿ, ನೀರು ಹೋಗುವ ದೋಣಿಗಳನ್ನು ಸ್ವಚ್ಛಗೊಳಿಸಬೇಕು. ಎಡೆಬಿಡದ ಮಳೆಯಲ್ಲಿ ಗೋಡೆ ಉಬ್ಬಿದರೆ, ಬಿರುಕು ಬಿಟ್ಟರೆ, ಮಾಳಿಗೆಯಿಂದ ಮಣ್ಣು ಉದುರಿದರೆ ಆ ರಾತ್ರಿ ಅಲ್ಲಿ ಮಲಗಬಾರದು. ಹೊಳೆದಂಡೆಯವರು ಜಲಾಶಯದಿಂದ ನೀರು ಬಿಡುವ ಸುದ್ದಿಗೆ ಕಿವಿಗೊಡಬೇಕು. ಡಂಗುರ ಕೇಳಿದ ಕೂಡಲೇ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನೂ ಗ್ಯಾಸ್ ಸಿಲಿಂಡರನ್ನೂ ಬಂದ್ ಮಾಡಿ, ದನಕರುಗಳ ಹಗ್ಗ ಬಿಚ್ಚಿ ಎತ್ತರದ ಕಡೆಗೆ ಹೊರಡಬೇಕು. ಹರಿಯುವ ನೀರು ಮೊಣಕಾಲಿನಷ್ಟಿದ್ದರೂ ಬಲಿಷ್ಠನನ್ನು ಕೆಡವಬಲ್ಲದು. ಮುಳುಗಿದ ಸೇತುವೆಯ ಮೇಲೆ ಬೈಕು ನಡೆಸುವುದು ಧೈರ್ಯವಲ್ಲ.

ಒಂದು ಚೀಲ ಸದಾ ಸಿದ್ಧವಿರಲಿ. ಅದರಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯ ಔಷಧಗಳು ಒಂದು ವಾರಕ್ಕಾಗುವಷ್ಟು, ವೈದ್ಯರ ಚೀಟಿ, ಬಾಣಂತಿಯ ತಾಯಿ ಕಾರ್ಡು, ಆಧಾರ್, ಪಡಿತರ ಚೀಟಿ, ಪಹಣಿಯ ಪ್ರತಿ, ಬ್ಯಾಟರಿ, ಓಆರ್‌ಎಸ್ ಪೊಟ್ಟಣಗಳು ಇರಲಿ. ಕಾಗದಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿರಿ. ನಮ್ಮ ಸೀಮೆಯ ಕಟಕ ರೊಟ್ಟಿ, ಶೇಂಗಾ ಚಟ್ನಿಗಿಂತ ಕೆಡದ ಬುತ್ತಿ ಬೇರೆ ಬೇಕಿಲ್ಲ.

ನೀರು ಇಳಿದ ಮೇಲೆ ರೋಗ ಏರುತ್ತದೆ. ಬಾವಿ, ಕೊಳವೆಬಾವಿಗಳಿಗೆ ಹೊಲಸು ಸೇರಿರುವುದರಿಂದ ನೀರನ್ನು ಕುದಿಸಿಯೇ ಕುಡಿಯಬೇಕು. ಭೇದಿಯಾದರೆ, ಪೊಟ್ಟಣ ಸಿಗದಿದ್ದಾಗ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಮೇಲಿಂದ ಮೇಲೆ ಗುಟುಕು ಗುಟುಕಾಗಿ ಕುಡಿಸಿರಿ. ಮನೆಯ ಮೂಲೆಗಳಲ್ಲಿ ಹಾವು ಸೇರಿರಬಹುದು. ಕಚ್ಚಿದರೆ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಮಂತ್ರಕ್ಕೆ ಕಾಯದೆ, ಆ ಅಂಗವನ್ನು ಅಲುಗಿಸದಂತೆ ಇಟ್ಟು 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ.

ಇಷ್ಟೆಲ್ಲ ಹೇಳಿದರೂ ಹಿರಿಯರನೇಕರು, "ಹುಟ್ಟಿದ ಮನೆ ಬಿಟ್ಟು ಬರಲಾರೆವು, ಶಿವನಿಚ್ಛೆಯಿದ್ದಂತಾಗಲಿ" ಎಂದು ಕೂತುಬಿಡುತ್ತಾರೆ. ಅವರ ನೋವನ್ನು ನಾವು ಬಲ್ಲೆವು. ಆದರೆ ಗೋಡೆಯ ಗುಡಿಗೆ ಕಟ್ಟಿಬೀಳದೆ ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿ ನಡೆಯುವುದನ್ನು ಕಲಿಸಿದ್ದು ಶರಣರು. ದೇವರು ನಮ್ಮೊಡನೆಯೇ ಬರುವಾಗ ಬಿಟ್ಟು ಬಂದದ್ದು ಕಲ್ಲು, ಮಣ್ಣು ಮಾತ್ರ. ಅದನ್ನು ಮತ್ತೆ ಕಟ್ಟಬಹುದು. ಒಬ್ಬ ಹಿರಿಯರು ಹಟ ಹಿಡಿದರೆ ಅವರನ್ನು ಬಿಡಲಾರದೆ ಮಗ, ಸೊಸೆ, ಮೊಮ್ಮಕ್ಕಳೂ ಉಳಿಯುತ್ತಾರೆಂಬುದನ್ನು ಅವರು ನೆನೆಯಬೇಕು.

ಆದ್ದರಿಂದ ಈ ವಾರ ಒಂದು ಸಂಜೆ ಪೂಜೆಯಾದ ಬಳಿಕ ಮನೆಮಂದಿಯೆಲ್ಲ ಕೂಡಿ ಕುಳಿತು ಮಾತಾಡಿರಿ. ಅಜ್ಜಿಯನ್ನು ಎತ್ತಿಕೊಳ್ಳುವವರಾರು, ದನ ಬಿಚ್ಚುವವರಾರು, ಸೇರುವ ಎತ್ತರದ ಜಾಗ ಯಾವುದು ಎಂಬುದನ್ನು ನಿರ್ಧರಿಸಿರಿ. ಪಕ್ಕದ ಮನೆಯಲ್ಲಿ ಒಬ್ಬಂಟಿ ಮುದುಕಿಯಿದ್ದರೆ ಅವಳ ಹೆಸರನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿರಿ. ಅದೂ ದಾಸೋಹವೇ.