ಬೋರ್ಡು ಆಮೇಲೆ, ಲೆಕ್ಕದ ಪುಸ್ತಕ ಮೊದಲು

ಸ್ವಂತ ಕಚೇರಿ, ಕ್ಲಿನಿಕ್ ತೆರೆಯಲು ಹೊರಟಿರುವ ತರುಣ ಎಂಜಿನಿಯರುಗಳೇ, ವಕೀಲರೇ, ವೈದ್ಯರೇ,

ನಿಮ್ಮ ಜೇಬಿನಲ್ಲಿರುವ ಚೀಟಿಯಲ್ಲಿ ಏನೇನಿದೆ ಎಂದು ನಾನು ಬಲ್ಲೆ. ವಿಜಯದಶಮಿಗೆ ಪೂಜೆ, ಹಿತ್ತಾಳೆ ಅಕ್ಷರದ ಬೋರ್ಡು, ಗಾಜಿನ ಬಾಗಿಲು, ತಿರುಗುವ ಕುರ್ಚಿ, ಬಂದವರಿಗೆ ಉಪ್ಪಿಟ್ಟು, ಕೇಸರಿಬಾತು. ಇಪ್ಪತ್ತೆಂಟು ವರ್ಷದ ಹಿಂದೆ ನನ್ನ ಚೀಟಿಯಲ್ಲೂ ಇದೇ ಇತ್ತು. ಲೆಕ್ಕದ ಪುಸ್ತಕವೊಂದು ಮಾತ್ರ ಇರಲಿಲ್ಲ. ಮನೆ ಪ್ಲಾನ್ ಹಾಕಿಕೊಡುವ ಎಂಜಿನಿಯರನಾಗಿ ಮೊದಲ ಮೂರು ವರ್ಷ ಎಷ್ಟು ದುಡಿದೆ, ಎಷ್ಟು ಕಳೆದುಕೊಂಡೆ ಎಂದು ಇವತ್ತಿಗೂ ಹೇಳಲಾರೆ.

‘ಮೊದಲು ಹೆಸರು ಮಾಡಪ್ಪಾ, ಲೆಕ್ಕಪತ್ರ ಆಮೇಲೆ ನೋಡಿದರಾಯಿತು’ ಎನ್ನುವ ಹಿರಿಯರು ಎಲ್ಲ ಊರಲ್ಲೂ ಇದ್ದಾರೆ. ಅವರ ಮೇಲಿನ ಗೌರವ ಹಾಗೇ ಇರಲಿ, ಈ ಸಲಹೆ ಮಾತ್ರ ಬೇಡ.

ಮೊದಲ ಪೆಟ್ಟು ಬೀಳುವುದು ಫೀಸಿನ ಮಾತಿನಲ್ಲಿ. ಆರಂಭದಲ್ಲಿ ಬರುವವರೆಲ್ಲ ನೆಂಟರು, ಅಪ್ಪನ ಸ್ನೇಹಿತರು. ‘ನೀನು ನಮ್ಮ ಹುಡುಗ, ಕೊಡದೆ ಎಲ್ಲಿಗೆ ಹೋಗ್ತೀವಿ?’ ಎನ್ನುತ್ತಾರೆ. ಹಾಗೆಂದ ಒಬ್ಬರ ಮನೆಗೆ ನಾಲ್ಕು ಸಲ ನಕ್ಷೆ ತಿದ್ದಿಕೊಟ್ಟೆ. ಗೃಹಪ್ರವೇಶದ ದಿನ ಹೋಳಿಗೆ ಊಟ ಹಾಕಿ ಶಾಲು ಹೊದಿಸಿದರು. ಫೀಸು ಬರಲೇ ಇಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಸಾಲಕ್ಕೆ ಮಾತ್ರ ಹುಟ್ಟಿದ್ದಲ್ಲ ಎಂದು ಅವತ್ತು ಗೊತ್ತಾಯಿತು.

ಅದಕ್ಕೇ ಅರ್ಧ ಪುಟದ ಒಪ್ಪಂದ ಬರೆದುಕೊಳ್ಳಿ. ಏನು ಕೆಲಸ, ಎಷ್ಟು ಸಲ ತಿದ್ದಿಕೊಡುತ್ತೀರಿ, ಒಟ್ಟು ಎಷ್ಟು, ಯಾವ ಹಂತದಲ್ಲಿ ಎಷ್ಟು, ಸರ್ಕಾರಿ ಶುಲ್ಕ ಯಾರ ಮೇಲೆ. ಕೆಳಗೆ ಇಬ್ಬರ ರುಜು. ರುಜು ಕೇಳಲು ಬಾಯಿ ಬಾರದಿದ್ದರೆ ಅದನ್ನೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ‘ಒಪ್ಪಿಗೆ’ ಎಂಬ ಉತ್ತರವನ್ನಾದರೂ ಪಡೆಯಿರಿ. ಮಾಡಿದ ಕೆಲಸದ ಬಾಕಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಡುವುದು ಮೂರು ವರ್ಷ. ದಾಕ್ಷಿಣ್ಯ ಕರಗಿ ನಾಲ್ಕನೇ ವರ್ಷ ಧೈರ್ಯ ಬಂದರೆ ಉಪಯೋಗವಿಲ್ಲ. ವಕೀಲರು ಇನ್ನೊಂದು ನೆನಪಿಡಬೇಕು: ‘ಗೆದ್ದರೆ ಇಷ್ಟು ಪಾಲು’ ಎಂದು ಫೀಸು ಗೊತ್ತುಮಾಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಒಪ್ಪುವುದಿಲ್ಲ.

ಇನ್ನು ಬ್ಯಾಂಕ್ ಖಾತೆ. ಮನೆಯ ಹಾಲು, ತರಕಾರಿ, ಮಗುವಿನ ಶಾಲೆಯ ಫೀಸು ಹೋಗುವ ಖಾತೆಗೇ ವೃತ್ತಿಯ ಹಣ ಬರಬಾರದು. ವೃತ್ತಿಗೇ ಒಂದು ಖಾತೆ ತೆರೆದು, ಅಲ್ಲಿಂದ ತಿಂಗಳಿಗೊಮ್ಮೆ ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳಿ. ಬಂದದ್ದೆಲ್ಲ ನಿಮ್ಮದಲ್ಲ. ಕಕ್ಷಿದಾರ ಕೋರ್ಟ್ ಶುಲ್ಕಕ್ಕೆಂದು ಕೊಟ್ಟದ್ದು, ಮನೆ ಕಟ್ಟಿಸುವವರು ಪಂಚಾಯಿತಿಗೆ ಕಟ್ಟಲು ಕೊಟ್ಟದ್ದು ಅವರ ಹಣ, ನಿಮ್ಮ ಕೈಯಲ್ಲಿದೆ ಅಷ್ಟೆ.

ತೆರಿಗೆ ಎಂದೊಡನೆ ಓಡಬೇಡಿ. ಸಣ್ಣ ವೃತ್ತಿಯವರಿಗೆ ಕಾನೂನು ಈಗ ಸಾಕಷ್ಟು ಮೃದುವಾಗಿದೆ. 1961ರ ಕಾಯ್ದೆಯ 44ಎಡಿಎ ಕಲಂ ಕೊಟ್ಟ ಸೌಲಭ್ಯ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಮುಂದುವರಿದಿದೆ: ವರ್ಷದ ಒಟ್ಟು ವಸೂಲಿ 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು. ನಗದು ಶೇ 5 ಮೀರದಿದ್ದರೆ ಮಿತಿ 75 ಲಕ್ಷ. 8 ಲಕ್ಷ ಬಂದಿದೆ ಎನ್ನಿ, ಆದಾಯ 4 ಲಕ್ಷ. ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ. ಆದರೆ ಅದರಲ್ಲಿ 4 ಲಕ್ಷವನ್ನು ಕಂಪನಿಗಳು ಕೊಟ್ಟಿದ್ದರೆ, ವೃತ್ತಿಪರ ಫೀಸಿನ ಮೇಲೆ ಶೇ 10ರಂತೆ 40,000 ರೂಪಾಯಿ ಟಿಡಿಎಸ್ ಮುರಿದುಕೊಂಡೇ ಕೊಟ್ಟಿರುತ್ತವೆ. ರಿಟರ್ನ್ಸ್ ಸಲ್ಲಿಸಿದರೆ ಆ ಹಣ ವಾಪಸು ಬರುತ್ತದೆ. ‘ನನಗೆಲ್ಲಿ ತೆರಿಗೆ ಬರುತ್ತೆ’ ಎಂದು ಸುಮ್ಮನೆ ಕೂತವರು ಅದನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟಂತೆ. ನಾಳೆ ಮನೆಸಾಲಕ್ಕೆ ಹೋದಾಗ ಬ್ಯಾಂಕಿನವರು ಕೇಳುವುದೂ ಹಳೆಯ ರಿಟರ್ನ್ಸ್‌ಗಳನ್ನೇ.

‘ಅರ್ಧ ತೋರಿಸಿದರೆ ಸಾಕು ಅಂದಮೇಲೆ ಪುಸ್ತಕ ಯಾಕೆ?’ ಎನ್ನುವ ಜಾಣರೂ ಇದ್ದಾರೆ. ಯಾವುದರ ಅರ್ಧ, ಸ್ವಾಮಿ? ಒಟ್ಟು ಎಷ್ಟು ಬಂತು, ಅದರಲ್ಲಿ ನಗದು ಎಷ್ಟು ಎಂಬುದಕ್ಕೆ ನಿಮ್ಮ ಪುಸ್ತಕ, ರಸೀದಿಗಳೇ ಸಾಕ್ಷಿ. ಈ ಸೌಲಭ್ಯದಲ್ಲಿ ತೆರಿಗೆ ಬರುವುದಾದರೆ ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು.

ಕರ್ನಾಟಕದಲ್ಲಿ 1976ರ ಕಾಯ್ದೆಯಂತೆ ವೃತ್ತಿ ತೆರಿಗೆಗೆ ಹೆಸರು ನೋಂದಾಯಿಸಬೇಕು. ವರ್ಷಕ್ಕೆ ಹೆಚ್ಚೆಂದರೆ 2,500 ರೂಪಾಯಿ, ಸಂವಿಧಾನವೇ ಹಾಕಿದ ಮೇಲ್ಮಿತಿ ಅದು. ವರ್ಷದ ವಸೂಲಿ 20 ಲಕ್ಷ ದಾಟಿದರೆ ಎಂಜಿನಿಯರಿಗೆ ಜಿಎಸ್‌ಟಿ ನೋಂದಣಿ ಬೇಕು. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ವಕೀಲರ ಸೇವೆಗೆ ಬಂದರೆ ಅದನ್ನು ಕಟ್ಟುವುದು ವ್ಯಾಪಾರಿ ಕಕ್ಷಿದಾರ.

ಬಾಡಿಗೆ ಕರಾರಿನಲ್ಲಿ ಹನ್ನೊಂದು ತಿಂಗಳು ಎಂದೇ ಯಾಕೆ ಬರೆಯುತ್ತಾರೆ ಗೊತ್ತೇ? ಒಂದು ವರ್ಷ ಮೀರಿದ ಗುತ್ತಿಗೆಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು ತಪ್ಪಿಸುವ ದಾರಿ ಇದು. ಮೇಜು, ಕುರ್ಚಿ ಅಷ್ಟೇ ಇದ್ದರೆ ಹನ್ನೊಂದು ತಿಂಗಳು ಸಾಕು. ಗೋಡೆ ಒಡೆದು, ದಂತವೈದ್ಯರ ಕುರ್ಚಿ ಕೂರಿಸಿ ಲಕ್ಷಗಟ್ಟಲೆ ಸುರಿಯುವವರು ಮೂರೋ ಐದೋ ವರ್ಷಕ್ಕೆ ನೋಂದಾಯಿಸಿಯೇ ಒಳಗೆ ಕಾಲಿಡಿ. ಅಡ್ವಾನ್ಸ್ ಎಷ್ಟು, ಬಿಡುವಾಗ ಪೇಂಟಿಂಗ್‌ಗೆಂದು ಎಷ್ಟು ಹಿಡಿಯುತ್ತಾರೆ ಎಂಬುದೂ ಕರಾರಿನಲ್ಲಿರಲಿ. ಮಾಲೀಕರು ಒಳ್ಳೆಯವರೇ, ಅವರ ಮಗ ಹೇಗೋ!

ವೈದ್ಯರಿಗೆ ಕೆಲಸ ಜಾಸ್ತಿ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಬೇಕು, ಸೂಜಿ, ಹತ್ತಿ ಬಿಸಾಡುವುದಕ್ಕೂ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಿವೆ. ವೃತ್ತಿ ಹೊಣೆಗಾರಿಕೆ ವಿಮೆಯನ್ನೂ ಮಾಡಿಸಿ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2024ರಲ್ಲಿ ವಕೀಲರನ್ನು ಅದರಿಂದ ಹೊರಗಿಟ್ಟಿದೆ.

ಗೆಳೆಯನ ಜತೆ ಪಾಲುದಾರಿಕೆಯೇ? ಪತ್ರ ಬರೆದು ನೋಂದಾಯಿಸಿ. ನೋಂದಣಿಯಾಗದ ಸಂಸ್ಥೆ ಕರಾರಿನ ಬಾಕಿಗಾಗಿ ಬೇರೆಯವರ ಮೇಲೆ ದಾವೆ ಹೂಡುವಂತಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಂ ಅದು.

ಬೋರ್ಡು ಬರೆಯುವವನಿಗೆ ಅಡ್ವಾನ್ಸ್ ಕೊಡುವ ಮುಂಚೆ ಖಾತೆ ತೆರೆಯಿರಿ, ರಸೀದಿ ಪುಸ್ತಕ ಅಚ್ಚು ಹಾಕಿಸಿ, ಒಬ್ಬ ಲೆಕ್ಕಪರಿಶೋಧಕರ ಬಳಿ ಒಂದು ಗಂಟೆ ಕೂತು ಬನ್ನಿ. ಅವರ ಫೀಸನ್ನು ಚೌಕಾಸಿ ಮಾಡದೆ ಕೊಡಿ. ಓದಿಯಾದ ಮೇಲೆ ಈ ಹಾಳೆಯಲ್ಲಿ ಬೋಂಡ ಕಟ್ಟಬೇಡಿ. ಸೀನಿಯರ್ ಕಚೇರಿಯಲ್ಲಿ ನಿಮ್ಮ ಪಕ್ಕದ ಕುರ್ಚಿಯ ಜೂನಿಯರ್‌ಗೆ ದಾಟಿಸಿ.